ಪೌಡರ್ ತೊಳೆಸಿದ ದಡಬಡಕ್ಕ

ನಮ್ಮೂರ ಆರೋಗ್ಯ ಕೇಂದ್ರದ ನರ್ಸಿಗೆ ಊರಿನವರು ಇಟ್ಟ ಹೆಸರು ದಡಬಡಕ್ಕ. ಅವಳು ನಡೆದದ್ದನ್ನು ಯಾರೂ ನೋಡಿಲ್ಲ, ಓಡಿದ್ದನ್ನೇ ನೋಡಿರುವುದು. ಒಂದು ಕೈಯಲ್ಲಿ ಬಿಪಿ ನೋಡುವ ಪಟ್ಟಿ, ಇನ್ನೊಂದರಲ್ಲಿ ತಿಂದು ಮುಗಿಯದ ಬಿಸ್ಕತ್ತು, ಬಾಯಲ್ಲಿ ಪೆನ್ನಿನ ಮುಚ್ಚಳ. ನನ್ನ ಹೊಲಿಗೆ ಅಂಗಡಿ ಕೇಂದ್ರದ ಎದುರಿಗೇ ಇದೆ. ಹದಿಮೂರು ವರ್ಷದಿಂದ ಈ ಓಟವನ್ನು ಮಿಷನ್ ತುಳಿಯುತ್ತಲೇ ನೋಡಿದ್ದೇನೆ. ಅವಳೂ ನಾನೂ ಒಂದೇ ವಯಸ್ಸಿನ ಹೆಂಗಸರು. ದಿನಕ್ಕೊಂದು ಸಲವಾದರೂ ಜಗಳವಾಡದಿದ್ದರೆ ಇಬ್ಬರಿಗೂ ಊಟ ಸೇರುವುದಿಲ್ಲ.

ಡಾಕ್ಟರು ಎಂಬ ಪ್ರಾಣಿ ಇರುವುದು ನಮ್ಮೂರಿನಿಂದ ಎಂಬತ್ತು ಕಿಲೋಮೀಟರ್ ಆಚೆ. ಬಸ್ಸು ಬೆಳಿಗ್ಗೆ ಒಂದು, ಸಂಜೆ ಒಂದು. ಹಾಗಾಗಿ ಮೊದಲೆಲ್ಲ ದಡಬಡಕ್ಕ ರೋಗಿಯನ್ನು ನೋಡಿ, ಚೀಟಿ ಬರೆದುಕೊಂಡು, ನೀರಿನ ಟ್ಯಾಂಕಿನ ಮೆಟ್ಟಿಲು ಹತ್ತುತ್ತಿದ್ದಳು. ಫೋನಿಗೆ ಸಿಗ್ನಲ್ ಬರುತ್ತಿದ್ದುದು ಹದಿನೆಂಟನೆಯ ಮೆಟ್ಟಿಲಿನಲ್ಲಿ ಮಾತ್ರ. ಒಂದು ದಿನ ಬೇಕರಿಯವನ ಸರದಿ ಬಂತು. “ಮೂಲವ್ಯಾಧಿ ಡಾಕ್ಟ್ರೇ! ಕೇಳಿಸ್ತಾ? ಹೌದು, ರಕ್ತಾನೂ ಹೋಗ್ತಿದೆ!” ಡಂಗುರ ಹೊಡೆಸಿದ್ದರೂ ಸುದ್ದಿ ಅಷ್ಟು ಬೇಗ ಹಬ್ಬುತ್ತಿರಲಿಲ್ಲ. ಬೇಕರಿಯವನು ನಾಚಿಕೆಯಿಂದ ನಾಲ್ಕು ದಿನ ಬಾಗಿಲು ತೆರೆಯಲಿಲ್ಲ, ನಮಗ್ಯಾರಿಗೂ ಬ್ರೆಡ್ಡು ಸಿಗಲಿಲ್ಲ.

ಅಂಥ ಊರಿಗೆ ಸ್ಕ್ರೀನ್ ಬಂತು!

ಆ ದಿನ ದಡಬಡಕ್ಕನ ಸಂಭ್ರಮ ನೋಡಬೇಕಿತ್ತು. ಟ್ಯಾಂಕಿನ ಮೇಲೆ ಕಂಬ ನೆಟ್ಟರು, ಕೇಂದ್ರದವರೆಗೆ ತಂತಿ ಎಳೆದರು, ಮೂಲೆಯ ಉಗ್ರಾಣವನ್ನು ಖಾಲಿ ಮಾಡಿಸಿ ಬಿಳಿ ಬಣ್ಣ ಬಳಿಸಿದರು. ಗೋಡೆಯ ಮೇಲೆ ಕಿಟಕಿಯಷ್ಟು ದೊಡ್ಡ ಸ್ಕ್ರೀನ್, ಅದರ ನೆತ್ತಿಯ ಮೇಲೊಂದು ಕ್ಯಾಮೆರಾ. ಅವಳು ನನ್ನ ಅಂಗಡಿಗೆ ನುಗ್ಗಿ ಕತ್ತರಿ ಕಿತ್ತುಕೊಂಡಳು.

“ಎಲ್ಲ ಕೆಲಸ ಬಿಡು. ಬಾಗಿಲಿಗೆ ಒಂದು ಪರದೆ ಹೊಲಿದುಕೊಡು. ದಪ್ಪ ಬಟ್ಟೆ, ಒಳಗೊಂದು ಅಸ್ತರು. ಒಳಗೆ ಆಡಿದ ಮಾತು ಹೊರಗೆ ಹೋಗಬಾರದು.”

“ನಿನ್ನ ಗಂಟಲಿಗೆ ಪರದೆ ಸಾಲಲ್ಲ ಕಣೇ, ಗೋಡೆ ಕಟ್ಟಿಸಬೇಕು,” ಎಂದೆ. ಆದರೂ ಹೊಲಿದುಕೊಟ್ಟೆ. ನನ್ನ ಕೈಯ ಕೆಲಸದ ಬಗ್ಗೆ ನನಗೆ ಸ್ವಲ್ಪ ಜಂಬವಿದೆ, ಸುಳ್ಳೇಕೆ ಹೇಳಲಿ.

ಮಂಗಳವಾರ, ಶುಕ್ರವಾರ ಹತ್ತರಿಂದ ಒಂದರವರೆಗೆ ಸ್ಕ್ರೀನಿನಲ್ಲಿ ಡಾಕ್ಟರಮ್ಮ ಬರತೊಡಗಿದರು. ಇನ್ನೂ ಹುಡುಗಿಯ ಮುಖ, ಸದಾ ನೆಗಡಿ. ಮೊದಲ ವಾರವೇ ಊರಿಗೆ ಊರೇ ಸಾಲುಗಟ್ಟಿತು. ಹೇಗೆ ಬಂದರು ಅಂತೀರಿ? ಮದುವೆಮನೆಗೆ ಹೊರಟವರ ಹಾಗೆ! ಕ್ಯಾಮೆರಾ ಅಂದಮೇಲೆ ಹಾಗೇ ಹೋಗಲಾಗುತ್ತದೆಯೇ? ಗಂಡಸರು ಗಡ್ಡ ಬೋಳಿಸಿಕೊಂಡರು. ಹೆಂಗಸರು ಪೆಟ್ಟಿಗೆಯ ತಳದಲ್ಲಿದ್ದ ಬಟ್ಟೆಗಳನ್ನು ತಂದು ನನ್ನ ಹತ್ತಿರ ಬಿಗಿ ಮಾಡಿಸಿಕೊಂಡರು. ಮುಖಕ್ಕಂತೂ ಬೆರಳು ದಪ್ಪ ಪೌಡರು. ನಮ್ಮತ್ತೆ ಬಿಪಿ ತೋರಿಸಲು ಹೋಗುವ ಮುಂಚೆ ಅರ್ಧ ಗಂಟೆ ಕನ್ನಡಿ ಬಿಟ್ಟು ಕದಲಲಿಲ್ಲ.

ಎರಡನೆಯ ವಾರ ಡಾಕ್ಟರಮ್ಮ ಮೂಗು ಒರೆಸಿಕೊಳ್ಳುತ್ತಾ ಕೇಳಿದರಂತೆ, “ಸಿಸ್ಟರ್, ನಿಮ್ಮೂರಲ್ಲಿ ಎಲ್ಲರದೂ ಒಂದೇ ಬಣ್ಣಾನಾ? ಯಾರಿಗೆ ರಕ್ತ ಕಮ್ಮಿ, ಯಾರಿಗೆ ಕಾಮಾಲೆ ಅಂತ ನಾನು ಹೇಗೆ ನೋಡಲಿ?”

ದಡಬಡಕ್ಕ ಅವಮಾನದಿಂದ ಕೆಂಪಾದಳು. ಮರುದಿನವೇ ಪರದೆಯ ಪಕ್ಕದಲ್ಲಿ ಒಂದು ಬಕೆಟ್ ನೀರು, ಚೊಂಬು, ಸೋಪು ಬಂದು ಕೂತವು. ಮುಖ ತೊಳೆಯದೆ ಒಳಗೆ ಪ್ರವೇಶವಿಲ್ಲ. “ಫೋಟೋ ತೆಗೆಸಿಕೊಳ್ಳೋಕೆ ಬಂದಿದ್ದೀರಾ, ರೋಗ ತೋರಿಸೋಕಾ?” ಎಂದು ಬೈದು ಬೈದು ತೊಳೆಸಿದಳು. ನಮ್ಮತ್ತೆ ಗೊಣಗುತ್ತಲೇ ತೊಳೆದುಕೊಂಡರು. ಆದರೆ ಬಿಪಿ ಮಾತ್ರೆ ಬದಲಾದ ಮೇಲೆ ತಲೆಸುತ್ತು ನಿಂತಿತು ನೋಡಿ, ಅಂದಿನಿಂದ ಡಾಕ್ಟರಮ್ಮನ ಹೆಸರು ಹೇಳದೆ ತುತ್ತು ಎತ್ತುತ್ತಿರಲಿಲ್ಲ.

ಊರೆಲ್ಲ ಹೋಯಿತು, ನಾನು ಹೋಗಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಆ ಬಕೆಟ್ ಕಂಡಾಗಲೆಲ್ಲ ನನ್ನ ಕೈ ಎಡಗೆನ್ನೆಗೆ ಹೋಗುತ್ತಿತ್ತು. ಅಲ್ಲಿ ಕಿವಿಯ ಹತ್ತಿರ ನಾಣ್ಯದಗಲ ಒಂದು ಮಾಸಲು ಮಚ್ಚೆ ಎದ್ದಿತ್ತು. ಎಡಗೈಯ ಮೇಲೆ ಇನ್ನೊಂದು. ಕಿರುಬೆರಳು, ಅದರ ಪಕ್ಕದ ಬೆರಳು ನನ್ನವೇ ಅಲ್ಲವೇನೋ ಎಂಬಂತೆ ಜೋಮು ಹಿಡಿದಿದ್ದವು. ಮಚ್ಚೆಗೆ ಪೌಡರು ಮೆತ್ತಿದೆ, ಕೈಗೆ ಉದ್ದ ತೋಳು ಹೊಲಿದುಕೊಂಡೆ. ಅದು ಏನಿರಬಹುದೆಂದು ನನಗೆ ಅಂದಾಜಿತ್ತು. ಅದಕ್ಕೇ ಭಯ. ಕಾಯಿಲೆಯ ಹೆಸರು ಹೊರಬಿದ್ದರೆ ನನ್ನ ಕೈಗೆ ಯಾರು ಬಟ್ಟೆ ಕೊಡುತ್ತಾರೆ? ಹೇಳದಿದ್ದರೆ ಕೈಯೇ ಹೋಗುತ್ತದೆ. ಬಟ್ಟೆಯನ್ನು ಸೂಜಿಯ ಕೆಳಗೆ ನಡೆಸುವುದೇ ಎಡಗೈ. ಅದು ಹೋದಮೇಲೆ ನಾನೇನು ಕಾಲಲ್ಲಿ ಹೊಲಿಯಲೇ?

ಒಂದು ಗುರುವಾರ ಮಧ್ಯಾಹ್ನ ದಡಬಡಕ್ಕ ತನ್ನ ಬಿಳಿ ಕೋಟಿನ ಹರಿದ ಜೇಬು ಹೊಲಿಸಲು ಬಂದಳು. “ಬೇಗ ಬೇಗ ಬೇಗ!” ಎಂದು ತಲೆಯ ಮೇಲೇ ನಿಂತಳು. ಹೊಲಿದು ಕೈಗಿಟ್ಟೆ. ಅವಳು ಕೋಟು ನೋಡಿದಳು, ನನ್ನ ಕೈ ನೋಡಿದಳು. ಜೇಬಿನ ಸುತ್ತ ನಾಲ್ಕೈದು ಕೆಂಪು ಚುಕ್ಕೆ. ನನ್ನ ಕಿರುಬೆರಳಿನಲ್ಲಿ ಒಂದು ಗುಂಡುಸೂಜಿ ಅರ್ಧದವರೆಗೆ ಇಳಿದು ನಿಂತಿತ್ತು. ನನಗೆ ಗೊತ್ತೇ ಆಗಿರಲಿಲ್ಲ.

“ನೋವಾಗ್ಲಿಲ್ವಾ?” ಎಂದಳು. ಅಷ್ಟು ಮೆತ್ತಗೆ ಅವಳು ಮಾತಾಡಿದ್ದನ್ನು ನಾನು ಕೇಳಿಯೇ ಇರಲಿಲ್ಲ. ಅಂಗಡಿಯ ಬಾಗಿಲು ಹಾಕಿದಳು. ಸೂಜಿ ಕಿತ್ತಳು, ಬೆರಳಿಗೆ ಬಟ್ಟೆ ಸುತ್ತಿದಳು, ಸ್ಟೂಲ್ ಎಳೆದುಕೊಂಡು ಕೂತಳು. ಹದಿಮೂರು ವರ್ಷದಲ್ಲಿ ಅವಳು ನನ್ನ ಅಂಗಡಿಯಲ್ಲಿ ಕೂತದ್ದು ಅದೇ ಮೊದಲು.

“ನಾಳೆ ಮುಖ ತೊಳ್ಕೊಂಡು ಬಾ.”

“ಬರಲ್ಲ.”

“ಬರ್ತೀಯ.”

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. “ಯಾಕೆ? ಟ್ಯಾಂಕ್ ಹತ್ತಿ ನನ್ನ ಹೆಸರೂ ಕೂಗೋಕಾ? ಬೇಕರಿಯವನ ಮಾನ ಕಳೆದದ್ದು ಸಾಲ್ದಾ?”

ಅವಳು ತಿರುಗಿ ಬೈಯುತ್ತಾಳೆಂದು ಕಾದೆ. ಬೈಯಲಿಲ್ಲ. “ತಪ್ಪೇ ಕಣೇ,” ಎಂದಳು. “ಆ ತಪ್ಪು ಮತ್ತೆ ಆಗಬಾರದು ಅಂತ ತಾನೆ ಅಸ್ತರು ಹಾಕಿಸಿದ್ದು? ಹೊಲಿದವಳು ನೀನೇ. ನಿನ್ನ ಹೊಲಿಗೆ ಮೇಲೆ ನಿನಗೇ ನಂಬಿಕೆ ಇಲ್ವಾ?”



ಶುಕ್ರವಾರ ಒಂದು ಗಂಟೆಗೆ, ಎಲ್ಲರೂ ಹೋದ ಮೇಲೆ, ಹೋದೆ. ಸೋಪು ಹಚ್ಚಿ ಮುಖ ತೊಳೆದೆ. ಒಳಗೆ ಡಾಕ್ಟರಮ್ಮನ ಮುಖ ಇಷ್ಟು ಹತ್ತಿರ, ಇಷ್ಟು ದೊಡ್ಡದು! ಕೆನ್ನೆಯನ್ನು ಕ್ಯಾಮೆರಾಕ್ಕೆ ತೋರಿಸಿದೆ, ತೋಳು ಮಡಚಿ ಕೈ ತೋರಿಸಿದೆ. ಅವರು ಮುಂದಕ್ಕೆ ಬಾಗಿ ನೋಡಿದರು.

“ಕಣ್ಣು ಮುಚ್ಚಿಕೊಳ್ಳಿ. ಸಿಸ್ಟರ್ ಹತ್ತಿ ಎಳೆಯಿಂದ ಮುಟ್ಟುತ್ತಾರೆ. ಮುಟ್ಟಿದ ತಕ್ಷಣ ಹೂಂ ಅನ್ನಿ.”

ಕಣ್ಣು ಮುಚ್ಚಿ ಕೂತೆ. ಫ್ಯಾನಿನ ಸದ್ದು ಕೇಳುತ್ತಿತ್ತು. ಎಷ್ಟು ಹೊತ್ತು ಕಾಯುವುದು? “ಶುರು ಮಾಡೇ, ದಡಬಡಿಸೋ ದಿನ ಬಿಟ್ಟು ಇವತ್ತು ನಿದ್ದೆ ಮಾಡ್ತೀಯಲ್ಲ,” ಎಂದೆ.

“ಹತ್ತು ಸಲ ಮುಟ್ಟಿದೆ,” ಎಂದಳು.

ಕಣ್ಣು ಬಿಟ್ಟೆ. ಡಾಕ್ಟರಮ್ಮ ಸುತ್ತಿ ಬಳಸಲಿಲ್ಲ. “ನೋಡಿದರೆ ಕುಷ್ಠದ ಹಾಗೇ ಇದೆ. ಒಂದು ಸಲ ಇಲ್ಲಿಗೆ ಬನ್ನಿ, ಚರ್ಮ ಪರೀಕ್ಷೆ ಮಾಡಿ ಖಚಿತ ಮಾಡಿಕೊಳ್ಳೋಣ. ಗುಣ ಆಗುತ್ತೆ. ಮಾತ್ರೆ ಶುರುವಾದ ಮೇಲೆ ಇನ್ನೊಬ್ಬರಿಗೆ ಹರಡೋದೂ ನಿಲ್ಲುತ್ತೆ. ಈಗ ನನಗೆ ಬೇಕಾಗಿರೋದು ನಿಮ್ಮ ಕೈ. ಸಿಸ್ಟರ್, ಒಂದು ಕಾಗದ ಕೊಡಿ.”

ಕಿರುಬೆರಳು, ಅದರ ಪಕ್ಕದ ಬೆರಳು, ಇವುಗಳ ಸಂದಿಯಲ್ಲಿ ದಡಬಡಕ್ಕ ಕಾಗದ ಸಿಕ್ಕಿಸಿದಳು. ನಾನು ಹಿಡಿದುಕೊಳ್ಳಬೇಕು, ಅವಳು ಎಳೆಯಬೇಕು. ಜಾರಿದರೆ ಬೆರಳಿನ ಶಕ್ತಿ ಹೋಗಿದೆಯೆಂದು ಅರ್ಥ. ಹಲ್ಲು ಕಚ್ಚಿ ಹಿಡಿದೆ. ಹದಿಮೂರು ವರ್ಷದ ಜಗಳವೆಲ್ಲ ಆ ಎರಡು ಬೆರಳಿಗೆ ಬಂತು. ಅವಳು ಎಳೆದಳು, ಜೋರಾಗಿ ಎಳೆದಳು. ಪರ್‍ರೆಂದು ಕಾಗದ ಹರಿಯಿತು. ಅರ್ಧ ಅವಳ ಕೈಯಲ್ಲಿ, ಅರ್ಧ ನನ್ನ ಬೆರಳ ಸಂದಿಯಲ್ಲಿ!

“ಶಕ್ತಿ ಇದೆ!” ಡಾಕ್ಟರಮ್ಮ ಕುರ್ಚಿಯಿಂದ ಅರ್ಧ ಎದ್ದೇಬಿಟ್ಟರು. “ಸರಿಯಾದ ಸಮಯಕ್ಕೆ ಬಂದಿದ್ದೀರಿ. ಕೈ ಉಳಿಸಿಕೊಳ್ಳಬಹುದು. ಇನ್ನಾರು ತಿಂಗಳು ತಡವಾಗಿದ್ದರೆ ನಾನು ಈ ಮಾತು ಹೇಳ್ತಿರಲಿಲ್ಲ.”

ನಾನು ಗೊಳೋ ಎಂದು ಅತ್ತೆ. ದಡಬಡಕ್ಕನೂ ಅತ್ತಳು. ಅಳುತ್ತಲೇ ಸ್ಕ್ರೀನಿನ ಮುಂದೆ ಎರಡು ಹೆಜ್ಜೆ ಕುಣಿದಳು, ದೇವರಾಣೆಗೂ ನಿಜ.

ಆಸ್ಪತ್ರೆಗೆ ಒಂದೇ ಸಲ ಹೋಗಿಬಂದೆ. ಅದೇ ಕಾಯಿಲೆ ಎಂದು ಖಚಿತವಾಯಿತು, ಮಾತ್ರೆ ಶುರುವಾಯಿತು. ಇನ್ನು ಒಂದು ವರ್ಷ ಪ್ರತಿ ತಿಂಗಳು ಇಲ್ಲೇ ಸ್ಕ್ರೀನಿನ ಮುಂದೆ ಕೈ ತೋರಿಸಿದರೆ ಸಾಕು. ಆದರೆ ಮನೆಯವರನ್ನೂ ಪರೀಕ್ಷೆ ಮಾಡಬೇಕಂತೆ. ಮನೆಯಲ್ಲಿ ಇರುವುದು ಅತ್ತೆ, ನಾನು ಇಬ್ಬರೇ. ಅವರಿಗೆ ಹೇಳಲು ಮೂರು ದಿನ ಧೈರ್ಯ ಸಾಲಲಿಲ್ಲ. ಕೊನೆಗೆ ಅಡುಗೆಮನೆಯಲ್ಲಿ ಗೋಡೆ ನೋಡುತ್ತಾ ಹೇಳಿದೆ. ಅತ್ತೆ ಒಲೆ ಆರಿಸಿ ನನ್ನ ಪಕ್ಕ ಬಂದು ಕೂತರು.

“ಅಂದ್ರೆ ನಾನು ಇನ್ನೊಂದು ಸಲ ಡಾಕ್ಟರಮ್ಮನ ಮುಂದೆ ಕೂರಬೇಕಾ?”

“ಹೂಂ ಅತ್ತೆ.”

“ಮೊದಲೇ ಹೇಳಬಾರದಾ ಹುಚ್ಚಿ!” ಎಂದು ನನ್ನ ಎಡಗೈಯನ್ನೇ ಎತ್ತಿ ತಮ್ಮ ಮಡಿಲಲ್ಲಿಟ್ಟುಕೊಂಡರು.

ಮುಂದಿನ ಶುಕ್ರವಾರ ಅತ್ತೆಯನ್ನು ಕರೆದುಕೊಂಡು ಹೋದಾಗ ಬಕೆಟ್ಟಿನ ಹತ್ತಿರ ಗಲಾಟೆ ನಡೆದಿತ್ತು. ಶಾಲೆಯ ಟೀಚರಮ್ಮ, ಗಲ್ಲದ ಮೇಲೆ ಗಾರೆಯಷ್ಟು ಪೌಡರು, ಮುಖ ತೊಳೆಯುವುದಿಲ್ಲವೆಂದು ಹಟ ಹಿಡಿದು ನಿಂತಿದ್ದರು. ದಡಬಡಕ್ಕ ಎಂದಿನಂತೆ ಬೈಯುತ್ತಿರಲಿಲ್ಲ, ಬೇಡಿಕೊಳ್ಳುತ್ತಿದ್ದಳು. ಟೀಚರಮ್ಮನ ಕಣ್ಣಿನಲ್ಲಿದ್ದದ್ದು ಸೊಕ್ಕಲ್ಲ. ಆ ಭಯ ನನಗೆ ಚೆನ್ನಾಗಿ ಗೊತ್ತು.

ದಡಬಡಕ್ಕ ನನ್ನತ್ತ ನೋಡಿದಳು. ಬಾಯಿ ಬಿಡಲಿಲ್ಲ. ನನ್ನ ಕಾಯಿಲೆಯ ಹೆಸರು ಅವಳ ಬಾಯಿಂದ ಒಂದು ಸಲವೂ ಹೊರಬಂದಿರಲಿಲ್ಲ. ಅವಳ ಗಂಡನಿಗೂ ಗೊತ್ತಿರಲಿಲ್ಲ. ಆ ದಿನವೂ ಹೇಳುತ್ತಿರಲಿಲ್ಲ, ನನಗೆ ಗೊತ್ತು. ಹೇಳುವುದಿದ್ದರೆ ನಾನೇ ಹೇಳಬೇಕು.

ಚೊಂಬು ಎತ್ತಿಕೊಂಡೆ. ಅಷ್ಟು ಜನರ ಮುಂದೆ ಮುಖ ತೊಳೆದೆ, ಎಡಗೆನ್ನೆಯನ್ನು ಬಿಸಿಲಿಗೆ ಹಿಡಿದೆ. “ನೋಡಿ ಟೀಚರಮ್ಮ, ಇದು ಕುಷ್ಠ. ಮಾತ್ರೆ ತಗೊಳ್ತಿದ್ದೀನಿ, ಗುಣ ಆಗ್ತಿದೆ. ತೊಳೆದಿದ್ದಕ್ಕೇ ಕೈ ಉಳೀತು.”

ಸಾಲಿನಲ್ಲಿದ್ದ ಇಬ್ಬರು ಹಿಂದೆ ಸರಿದದ್ದನ್ನು ಕಂಡೆ. ಆಮೇಲೆ ಅವರು ಹೊಲಿಯಲು ಕೊಟ್ಟ ಬಟ್ಟೆ ವಾಪಸು ತಗೊಂಡು ಹೋದರು. ಹೋಗಲಿ ಬಿಡಿ. ಅಷ್ಟರಲ್ಲಿ ನಮ್ಮತ್ತೆ ಬಂದು ನನ್ನ ಒದ್ದೆ ಮುಖವನ್ನು ತಮ್ಮ ಸೆರಗಿನಿಂದಲೇ ಒರೆಸಿದರು.

ಟೀಚರಮ್ಮ ಕೈ ಚಾಚಿದರು. “ಆ ಚೊಂಬು ಇಲ್ಲಿ ಕೊಡಿ,” ಎಂದರು. ಅವರ ಹಿಂದಿನವಳು, ಅವಳ ಹಿಂದಿನವಳು, ಎಲ್ಲರೂ ಮುಂದೆ ಬಂದರು. ಬಕೆಟ್ ಬರಿದಾಯಿತು. ದಡಬಡಕ್ಕ ಇನ್ನೊಂದು ಬಕೆಟ್ ನೀರಿಗೆ ಓಡಿದಳು.