ಅಮ್ಮನ ಮೂಗು ಮತ್ತು ಸಾಸಿವೆ ಹುಡಿ

ಜೂನ್ ತಿಂಗಳ ಕೊನೆಯ ಭಾನುವಾರ, ಬೆಳಿಗ್ಗೆ ಒಂಬತ್ತೂ ಮುಕ್ಕಾಲು ಗಂಟೆ.

ಬರೆಯಲು ಕುಳಿತಿದ್ದೇನೆ ಎಂದರೆ ಪೂರ್ತಿ ನಿಜವಾಗದು. ಎರಡು ಸಾಲು ಬರೆದು ಅಡುಗೆಮನೆಗೆ ಹೋಗುತ್ತೇನೆ. ಅಮ್ಮ ಗದರಿದರೆ ಜಗಲಿಗೆ ಬರುತ್ತೇನೆ. ಜಗಲಿಯಲ್ಲಿ ಮಳೆ ನೋಡಿ ಸಾಕಾದರೆ ಮತ್ತೆ ಇಲ್ಲಿಗೆ. ಮಧ್ಯಾಹ್ನದ ಊಟಕ್ಕೆ ತಂಗಿ ಸುಮತಿಯನ್ನು ಕೇಳಿದವರು ಬರುತ್ತಾರೆ. ಆಟಿ ತಿಂಗಳು ಹಿಡಿದರೆ ಮದುವೆಯ ಮಾತು ಆಡುವಂತಿಲ್ಲ. ಅದರೊಳಗೆ ಮುಗಿಸಬೇಕೆಂದು ಎರಡೂ ಕಡೆಯವರಿಗೆ ಅವಸರ. ಆದರೆ ನನ್ನನ್ನು ಕೂರಗೊಡದಿರುವುದು ಮದುವೆಯಲ್ಲ, ಅನಾನಸಿನ ಸಾಸಿವೆ.

ಹಸಿ ತೆಂಗಿನಕಾಯಿಯನ್ನು ನುಣ್ಣಗೆ ಅರೆದು, ಸಾಸಿವೆ ಹುಡಿ ಸೇರಿಸಿ, ಹಣ್ಣಿನ ಹೋಳುಗಳಿಗೆ ಕಲಸುವ ಮೇಲೋಗರ ಅದು. ಒಲೆಯ ಮುಖವನ್ನೇ ಕಾಣುವುದಿಲ್ಲ. ಹುಡಿ ಕಡಿಮೆಯಾದರೆ ಬರೀ ಪಾಯಸ, ಹೆಚ್ಚಾದರೆ ಕಹಿ. ಸಾಸಿವೆ ವಿಚಿತ್ರ ಸ್ವಭಾವದ್ದು. ಒಣಗಿದ್ದಾಗ ಪರಮ ಸಾಧು. ತಣ್ಣೀರು ತಾಗಿದರೆ ಎದ್ದು ಕೂರುತ್ತದೆ. ಬಿಸಿನೀರು ಹೊಯ್ದರೆ ಸಪ್ಪೆಯಾಗಿ ಬಿಡುತ್ತದೆ. ಕಾಲೇಜಿನಲ್ಲಿ ಒಂದು ವರ್ಷ ರಸಾಯನಶಾಸ್ತ್ರ ಓದಿ ನಾನು ಸಂಪಾದಿಸಿದ ಜ್ಞಾನದಲ್ಲಿ ಮನೆಗೆ ಉಪಯೋಗ ಬಿದ್ದದ್ದು ಇಷ್ಟೇ. ಮಿಕ್ಕದ್ದನ್ನು ಈಗ ಕಾಫಿ ಕಾರ್ಖಾನೆಯ ಗೋಣಿಗಳ ಲೆಕ್ಕ ಬರೆಯುತ್ತಾ ಮರೆಯುತ್ತಿದ್ದೇನೆ.

ಗುಣ ಹೇಳುವವರಿಗಂತೂ ಕೊರತೆಯಿಲ್ಲ. ಹುಡಿ ಕಲಸಿದ ನೀರಿನಲ್ಲಿ ಕಾಲಿಟ್ಟರೆ ಶೀತ ಇಳಿಯುತ್ತದೆ ಎನ್ನುತ್ತಾರೆ ಬಂದರಿನ ಅಂಗಡಿಯ ಹಸನಬ್ಬ ಬ್ಯಾರಿಗಳು. ಎದೆಗೆ ಪಟ್ಟು ಹಾಕಿದರೆ ಕಫ ಕರಗುತ್ತದೆ ಎಂದು ನೆರೆಮನೆಯವರು. ಅಪ್ಪನ ಮಟ್ಟಿಗೆ ಅದು ಜೀರ್ಣಕ್ಕೆ ಒಳ್ಳೆಯದು. ಮೂವರ ಮಾತನ್ನೂ ಬರೆದುಕೊಂಡಿದ್ದೇನೆ. ಪಟ್ಟನ್ನು ನನ್ನ ಎದೆಯ ಮೇಲೇ ಪರೀಕ್ಷಿಸಿದೆ. ಕಫದ ವಿಷಯ ಹೇಳಲಾರೆ. ಚರ್ಮ ಮಾತ್ರ ಎರಡು ದಿನ ಉರಿಯಿತು.

ಈಗ ನಿಜವಾದ ಸಂಗತಿ. ಮೂರು ವಾರಗಳಿಂದ ನಮ್ಮ ಮನೆಯಲ್ಲಿ ಸಾಸಿವೆ ಏರುತ್ತಾ ಬಂದಿತ್ತು. ಸೌತೆಕಾಯಿಯ ಹುಳಿಗೂ ಅದೇ, ಉಪ್ಪಿನಕಾಯಿಗೂ ಅದೇ. ಮಂಗಳವಾರದ ಊಟಕ್ಕೆ ಅಪ್ಪ ಐದು ಲೋಟ ನೀರು ಕುಡಿದರು. ಯಾರೂ ತುಟಿ ಬಿಚ್ಚಲಿಲ್ಲ. ಎಲೆಯ ಮುಂದೆ ಕೂತು ಕುಂದು ಹೇಳಬಾರದು, ಅನ್ನಕ್ಕೆ ಹೆಸರಿಡಬಾರದು ಎಂಬುದು ಅಪ್ಪನ ಕಟ್ಟಳೆ. ಶುಕ್ರವಾರ ಬೆಳಿಗ್ಗೆ ಒಲೆಯ ಮೇಲೆ ಹಾಲು ತಳ ಹಿಡಿದು ಸೀದ ವಾಸನೆ ಜಗಲಿಯವರೆಗೆ ಬಂತು. ಓಡಿ ಹೋಗಿ ನೋಡಿದರೆ ಅಮ್ಮ ಪಕ್ಕದಲ್ಲೇ ಕೂತು ನಿಶ್ಚಿಂತೆಯಿಂದ ತೆಂಗಿನಕಾಯಿ ತುರಿಯುತ್ತಿದ್ದಳು.

ಶೀತ ಬಂದು ಹೋದ ಮೇಲೆ ಅವಳ ಮೂಗು ಸತ್ತಿತ್ತು. ಇದು ಸಣ್ಣ ಮಾತಲ್ಲ. ದೇವರಿಗೆ ಇಡುವ ಮೊದಲು ಅಡುಗೆಯನ್ನು ನಾಲಿಗೆಗೆ ಮುಟ್ಟಿಸುವ ಪದ್ಧತಿ ನಮ್ಮಲ್ಲಿಲ್ಲ. ಹದಿನಾಲ್ಕನೇ ವಯಸ್ಸಿನಿಂದ ಅಮ್ಮ ಉಪ್ಪು, ಹುಳಿ, ಹದ ಎಲ್ಲವನ್ನೂ ಮೂಗಿನಿಂದಲೇ ಅಳೆದವಳು.

“ಯಾರಿಗೂ ಹೇಳಬೇಡ ಮಗಾ,” ಎಂದಳು. “ಗೊತ್ತಾದರೆ ಭಾನುವಾರಕ್ಕೆ ಅಡಿಗೆಭಟ್ಟರನ್ನು ಕರೆಸ್ತಾರೆ. ಮತ್ತೆ ನಾನು ಎಂತಕ್ಕೆ ಇಲ್ಲಿ?”

ಒಮ್ಮೆ ಮಾತ್ರ ರುಚಿ ನೋಡು ಎಂದು ನಾನು ಬೇಡಿದೆ. ಅವಳು ನನ್ನನ್ನು ನೋಡಿದ ನೋಟದಲ್ಲಿ ಕಾಲೇಜಿಗೆ ಸುರಿದ ಹಣದ ಬಗ್ಗೆ ಪಶ್ಚಾತ್ತಾಪವಿತ್ತು. ಕೊನೆಗೆ ನಿನ್ನೆ ಒಂದು ಬಟ್ಟಲಲ್ಲಿ ಹುಡಿಗೆ ತಣ್ಣೀರು ಕಲಸಿ, ಸ್ವಲ್ಪ ಹೊತ್ತು ಬಿಟ್ಟು ಅವಳ ಮುಖದ ಹತ್ತಿರ ಹಿಡಿದೆ. ಅಮ್ಮ ಬಗ್ಗಿದಳು, ಸೆರಗಿನಿಂದ ಕಣ್ಣೊರೆಸಿಕೊಂಡಳು.

“ಮೂಗಿಗೆ ಎಂತದೂ ಇಲ್ಲ,” ಎಂದಳು. “ಕಣ್ಣಿಗೆ ಉಂಟು.”

ಆ ಕಣ್ಣನ್ನು ನಂಬಿಕೊಂಡೇ ಈಗ ಒಳಗೆ ಅರೆಯುತ್ತಿದ್ದಾಳೆ. ಗಾಡಿಯ ಸದ್ದಾಯಿತು. ಅವರು ಬಂದ ಹಾಗೆ ಕಾಣುತ್ತದೆ.

ಅದೇ ದಿನ, ಮಧ್ಯಾಹ್ನ ಮೂರೂ ಕಾಲು.

ಊಟದ ಸಾಲಿನಲ್ಲಿ ನನಗೆ ಬೇರೆ ಯಾವ ಪದಾರ್ಥವೂ ಕಾಣಲಿಲ್ಲ. ಹುಡುಗನ ತಂದೆ ಮೂಲ್ಕಿಯವರು, ದೊಡ್ಡ ದನಿ. ಸಾಸಿವೆಯನ್ನು ಅನ್ನಕ್ಕೆ ಕಲಸಿದರು, ಒಂದು ತುತ್ತು ತಿಂದರು, ಕೈ ನಿಲ್ಲಿಸಿದರು. ಅಮ್ಮ ಬಾಗಿಲ ಮರೆಯಲ್ಲಿ ನಿಂತದ್ದು ನನಗೆ ಕಾಣುತ್ತಿತ್ತು.

“ಅಕ್ಕಾ,” ಎಂದು ಅವರು ಬಾಗಿಲ ಕಡೆಗೇ ಹೇಳಿದರು, “ಹಣ್ಣು ಲಾಯ್ಕುಂಟು. ಸಾಸಿವೆ ಮಾತ್ರ ಹೆದರಿದ ಹಾಗುಂಟು. ಇನ್ನೊಂದು ಚಿಟಿಕೆ ಬೇಕಿತ್ತು.”

ಅಪ್ಪನ ಮುಖ ಕಪ್ಪಿಟ್ಟಿತು. ಸುಮತಿಯ ಸಂಬಂಧ ಅಲ್ಲಿಗೇ ಮುರಿಯಿತೆಂದು ನಾನು ಎಣಿಸಿದೆ. ಅಷ್ಟರಲ್ಲಿ ಅಮ್ಮ ಹುಡಿಯ ಭರಣಿ ಹಿಡಿದು ಹೊರಗೆ ಬಂದಳು, ಒಂದು ಚಿಟಿಕೆಯನ್ನು ತೆಂಗಿನ ಹಾಲಿನಲ್ಲಿ ಕದಡಿ ಬಡಿಸಿದಳು, “ಈಗ?” ಎಂದು ಕೇಳಿದಳು. ಅವರು ತಿಂದು ತಲೆಯಾಡಿಸಿದರು. ಅಮ್ಮನ ಮುಖದಲ್ಲಿ ಮೂರು ವಾರಗಳಿಂದ ಕಾಣದ ಗೆಲುವಿತ್ತು.

ಅವರನ್ನು ಕಳುಹಿಸಿ ಬಂದ ಅಪ್ಪ, ಎಂಥ ಒರಟು ಜನ, ಈ ಸಂಬಂಧ ಬೇಡವೇ ಬೇಡ ಎಂದು ಕೂಗಾಡಿದರು. ಅಮ್ಮ ಆಗ ತನ್ನ ಮೂಗಿನ ಕಥೆಯನ್ನು ತಾನೇ ಹೇಳಿದಳು.

“ಮೂರು ವಾರ ಕಣ್ಣೀರು ಹಾಕಿಕೊಂಡು ಉಂಡಿರಿ,” ಎಂದಳು. “ಒಬ್ಬರಾದರೂ ಹೇಳಿದಿರಾ?”

“ಅನ್ನಕ್ಕೆ ಹೆಸರಿಡುವುದು ಹೇಗೆ?” ಎಂದರು ಅಪ್ಪ, ತಗ್ಗಿದ ದನಿಯಲ್ಲಿ.

“ಅನ್ನಕ್ಕೆ ಬೇಡ, ನನಗೆ ಹೇಳಬಹುದಿತ್ತು. ಅವರು ಹೇಳಿದರು ನೋಡಿ. ಅಂಥ ಮನೆಯಲ್ಲಿ ನಮ್ಮ ಹುಡುಗಿ ಯಾರ ಮನಸ್ಸಿನಲ್ಲಿ ಎಂತ ಉಂಟು ಅಂತ ಊಹಿಸಿಕೊಂಡು ಬದುಕಬೇಕಾಗಿಲ್ಲ. ಕೊಡುವ.”

ಅಪ್ಪ ಒಪ್ಪಿದ್ದಾರೆ. ಸುಮತಿ ಮೊದಲೇ ಒಪ್ಪಿದ್ದಳೆಂದು ಈಗಷ್ಟೇ ತಿಳಿಯಿತು.

ಮನೆತನದ ಹೆಸರು ಹಾಕಬಾರದೆಂಬ ಷರತ್ತಿನ ಮೇಲೆ ಇದನ್ನು ಪತ್ರಿಕೆಗೆ ಕಳಿಸಲು ಅಮ್ಮ ಅನುಮತಿ ಕೊಟ್ಟಿದ್ದಾಳೆ. ಅವಳ ಮೂಗು ಇನ್ನೂ ಬಂದಿಲ್ಲ. ಶೀತದಲ್ಲಿ ಹೋದ ಮೂಗು ಸಾಸಿವೆಯ ಘಾಟಿಗೆ ಮರಳುವುದುಂಟೇ, ಎಷ್ಟು ದಿನ ಹಿಡಿದೀತು, ಕಂಡು ಬಲ್ಲ ಓದುಗರು ಪತ್ರಿಕೆಯ ವಿಳಾಸಕ್ಕೆ ಒಂದು ಕಾರ್ಡು ಹಾಕಬೇಕು. ನಾನು ಬರೆದದ್ದೇ ಸಪ್ಪೆಯೆನಿಸಿದರೆ ಅದನ್ನೂ ಸೇರಿಸಿ ಬರೆಯಿರಿ; ನಮ್ಮ ಮನೆಯಲ್ಲಿ ಇಂದಿನಿಂದ ಅಂಥ ಮಾತಿಗೆ ತಡೆಯಿಲ್ಲ.