ಸಿಕ್ಕಿಲ್ಲ ಎಂದು ಬರೆದ ನಸೀಮಾ

ರಾಂಗ್ ನಂಬರ್ ಎಂದು ಫೋನ್ ಇಟ್ಟುಬಿಟ್ಟೆ…
ಹರಿಹರದಿಂದ ನಸೀಮಾಳ ತಮ್ಮ ಮತ್ತೆ ಮಾಡಿದ.
"ಅಕ್ಕ ಹೋಗಿಬಿಟ್ಲು ಸರ್… ಬೆಳಿಗ್ಗೆ…"
ಸೋಮವಾರ ಆನ್‌ಲೈನ್ ಇದ್ದಳಲ್ಲ! ಹಸಿರು ಚುಕ್ಕೆ ನಾನೇ ನೋಡಿದ್ದೆ…

ಗೆಳೆಯರೇ, ನಿಮ್ಮಲ್ಲಿ ಹಲವರಿಗೆ ಅವಳು ಗೊತ್ತಿಲ್ಲ.
ದಾವಣಗೆರೆಯಲ್ಲಿ ಎಂ.ಎಸ್ಸಿ. ಓದುವಾಗ ನನ್ನ ಲ್ಯಾಬ್ ಪಾರ್ಟ್‌ನರ್. ಟೈಲರ್ ಮಗಳು.
ನಾನು ಇಲ್ಲೇ ಕಾಲೇಜಿನಲ್ಲಿ ಮೇಷ್ಟ್ರಾದೆ. ಅವಳು ವಿದೇಶದ ದೊಡ್ಡ ಪ್ರಯೋಗವೊಂದರ ತಂಡ ಸೇರಿದಳು.
ಕಿಡ್ನಿ ಕೈಕೊಟ್ಟ ಮೇಲೆ ಊರಿಗೆ ಬಂದು, ಲ್ಯಾಪ್‌ಟಾಪ್‌ನಲ್ಲೇ ಅದೇ ಕೆಲಸ ಮುಂದುವರಿಸಿದಳು…

ಅವಳು ಹುಡುಕುತ್ತಿದ್ದುದು ಒಂದೇ.
ಮ್ಯೂಆನ್ ಎಂಬ ಕಣ ಒಡೆದಾಗ ಎಲೆಕ್ಟ್ರಾನ್ ಜೊತೆ ಎರಡು ನ್ಯೂಟ್ರಿನೊ ಹೊರಬೀಳುತ್ತವೆ.
ಅವಿಲ್ಲದೆ, ಎಲೆಕ್ಟ್ರಾನ್ ಮತ್ತು ಒಂದು ಬೆಳಕಿನ ಕಣ ಮಾತ್ರ ಬಂದರೆ…
ನಾನು ಕ್ಲಾಸಿನಲ್ಲಿ ಕಲಿಸುವ ಫಿಸಿಕ್ಸ್ ಸಾಲದು ಎಂದರ್ಥ.
ಅದರಾಚೆ ಹೊಸದೇನೋ ಇದೆ ಎಂದರ್ಥ.

ಹೋದ ವರ್ಷ ಅಂಥದ್ದು ಸಿಕ್ಕಿತು!
"ಒಂದು ಸಿಕ್ತಪ್ಪಾ… ಒಂದೇ ಒಂದು!" ಫೋನಿನಲ್ಲೇ ಅತ್ತಳು.

ಮೂರೇ ವಾರ…
ತಪ್ಪು ಕಂಡುಹಿಡಿದವಳೂ ಅವಳೇ. ಅವಳದೇ ಕೋಡ್‌ನಲ್ಲಿ ಟೈಮಿಂಗ್ ದೋಷ.
ಎಲೆಕ್ಟ್ರಾನ್ ಒಂದು ಮ್ಯೂಆನ್‌ನದು, ಬೆಳಕು ಇನ್ನೊಂದರದು. ಒಂದೇ ಕ್ಷಣದವೆಂಬಂತೆ ಕಂಡಿದ್ದವು, ಅಷ್ಟೇ.

ನಸೀಮಾ… ಮುಂದಿನದನ್ನು ನಿನಗೇ ಹೇಳಬೇಕು.
ಅವತ್ತು ದಾವಣಗೆರೆ ಆಸ್ಪತ್ರೆಯಲ್ಲಿ, ನಿನ್ನ ಎಡಗೈಗೆ ಡಯಾಲಿಸಿಸ್ ಸೂಜಿ ಚುಚ್ಚಿತ್ತು. ಪಕ್ಕದಲ್ಲಿದ್ದ ನನಗೆ ನೀನು ಆ ತಪ್ಪಿನ ವಿಷಯ ಹೇಳಿದೆ.
"ಸುಮ್ನಿರು. ಯಾರಿಗೂ ಗೊತ್ತಿಲ್ಲ. ಸಿಕ್ತು ಅಂತ್ಲೇ ಪೇಪರ್ ಬರ್ಲಿ. ಇನ್ನೆಷ್ಟು ದಿನ ಐತೆ ನಿನಗೆ?" ಅಂದೆ.
ಅಂದೇಬಿಟ್ಟೆ…
ನೀನು ನನ್ನತ್ತ ತಿರುಗಿ ಕೇಳಿದೆ.
"ದಿನ ಕಮ್ಮಿ ಐತೆ ಅಂತ, ಇಲ್ಲದ್ದನ್ನ ಐತೆ ಅನ್ಲೇನೋ?"
ಬಲಗೈ ಒಂದರಲ್ಲೇ ನೀನು ತಂಡಕ್ಕೆ ಮೇಲ್ ಟೈಪ್ ಮಾಡಿದೆ. ತಪ್ಪು ನನ್ನದು ಎಂದು. ನನ್ನೆದುರೇ ಕಳಿಸಿದೆ.

ತಂಡದ ಪೇಪರ್ ಬಂತು. ಅಂಥ ಮ್ಯೂಆನ್ ಕಂಡಿಲ್ಲ ಎಂದಿತ್ತು.
ಆಮೇಲೆ ನಿನಗೆ ಮುಖ ತೋರಿಸಲು ನಾಚಿಕೆಯಾಯಿತು ನನಗೆ.
ದಾವಣಗೆರೆಯಿಂದ ಬಾತಿ ಊರು ದಾಟಿದರೆ ಹರಿಹರ… ಒಂದು ದಿನವೂ ಬರಲಿಲ್ಲ.
ಸಾರಿ ಎಂದು ಟೈಪ್ ಮಾಡಿ ಅಳಿಸಿದ್ದು ಎಷ್ಟು ಸಲವೋ…

ಈಗ ಮಣ್ಣು ಕೊಟ್ಟು ಬಂದೆ.
ನಿನ್ನ ತಾಯಿ ನನ್ನ ಕೈ ಹಿಡಿದು ಕೇಳಿದರು.
"ಇಷ್ಟು ದಿನ ಯಾಕ ಬರ್ಲಿಲ್ಲಪ್ಪ? ಕೇಳ್ತಿದ್ಲು ನಿನ್ನ…"
ಕಾಲೇಜ್ ಕೆಲಸ ಇತ್ತಮ್ಮ, ಅಂದೆ.
ಸುಳ್ಳು ಹೇಳಿದೆ ನಸೀಮಾ…

ಹೋಗಿ ಬಾ ಗೆಳತಿ.
ಸೂಜಿ ಚುಚ್ಚದ ಜಾಗದಲ್ಲಿ ನಿನ್ನ ಜೀವ ತಣ್ಣಗಿರಲಿ… 🙏