ಎರಡು ಸೀಟಿನ ಕಾರು, ಅಪ್ಪನ ಜೀಪು

ಅಪ್ಪ ತೀರಿಕೊಂಡು, ಹಾಲು-ತುಪ್ಪ ಬಿಟ್ಟ ಮಾರನೆಯ ಬೆಳಿಗ್ಗೆ ಕಿಕ್ಕೇರಿಯ ನಮ್ಮ ಮನೆ ಮುಂದೆ ಎರಡು ಗಾಡಿ ನಿಂತಿದ್ದವು. ಒಂದು, ಮೈಸೂರಿನಲ್ಲಿ ಕಾರು ವ್ಯಾಪಾರ ಮಾಡುವ ತಮ್ಮ ತಂದಿದ್ದ ಹಳದಿ ಸ್ಪೋರ್ಟ್ಸ್ ಕಾರು. ಇನ್ನೊಂದು, ಪಂಪ್‌ಸೆಟ್ ರಿಪೇರಿಗೆಂದು ಅಪ್ಪ ಊರೂರು ಸುತ್ತುತ್ತಿದ್ದ ಹಳೇ ಜೀಪು. ಕಾರು ಗುಂಡಿ ಒತ್ತಿದರೆ ಹೊರಡುತ್ತದೆ. ಜೀಪಿನ ಸೆಲ್ಫು ಕೆಟ್ಟು ಯಾವ ಕಾಲವಾಯಿತೋ. ನಾನು ಸ್ಟೇರಿಂಗ್ ಹಿಡಿದು ಕೂರಬೇಕು, ಅಪ್ಪ ಹಿಂದಿನಿಂದ ತಳ್ಳಬೇಕು. ಇಂಜಿನ್ ಹತ್ತಿಕೊಂಡ ಮೇಲೆ ನಾನು ನಿಧಾನ ಮಾಡಬೇಕು, ಅವರು ಓಡಿಬಂದು ಎಡಗಡೆ ಹತ್ತಬೇಕು.

ಅಸ್ಥಿಯ ಕುಡಿಕೆ ಶ್ರೀರಂಗಪಟ್ಟಣದ ಹೊಳೆಗೆ ಹೋಗಬೇಕಿತ್ತು. ಅದು ನನ್ನ ಪಕ್ಕದಲ್ಲೇ ಬರಲಿ ಎನ್ನುವುದೊಂದೇ ನನ್ನಾಸೆ. ಕೇಳಲು ಬಾಯಿ ಬರಲಿಲ್ಲ. ಅಪ್ಪ ಹೋದಾಗಿನಿಂದ ಅಳುವೂ ಬಂದಿರಲಿಲ್ಲ, ಒಳಗೆಲ್ಲ ಮರಗಟ್ಟಿತ್ತು.

"ಬದುಕಿದ್ದಾಗಂತೂ ಅತ್ಲಿಲ್ಲ, ಈಗ್ಲಾದ್ರೂ ಒಳ್ಳೆ ಗಾಡೀಲಿ ಓಗ್ಲಿ ಬುಡಕ್ಕ," ಎಂದ ತಮ್ಮ.

ಹತ್ತದಿದ್ದದ್ದು ನಿಜ. "ಇದು ಕೂರೋ ಗಾಡಿ ಅಲ್ಲ ಕಣ್ಲಾ, ಮನಿಕ್ಕೊಳೋ ಗಾಡಿ," ಎಂದು ಅಪ್ಪ ನಕ್ಕುಬಿಟ್ಟಿದ್ದರು. ಇದ್ದದ್ದೇ ಎರಡು ಸೀಟು. ಕುಡಿಕೆಯನ್ನು ಮಡಿಲಲ್ಲಿಟ್ಟುಕೊಂಡು ಚಿಕ್ಕಪ್ಪ ಅದರಲ್ಲಿ ಕೂತರು. ಪಕ್ಕದ ಮನೆಯವರು ಜೀಪು ತಳ್ಳಿಕೊಟ್ಟರು, ನಾನೊಬ್ಬಳೇ ಹಿಂದೆ ಹೊರಟೆ.

ಕಾರು ಕಣ್ಮರೆಯಾಗಿಬಿಡುತ್ತದೆ ಅಂದುಕೊಂಡಿದ್ದೆ. ಆತುರಗಾರನಿಗೆ ಬುದ್ಧಿ ಮಟ್ಟ ಅಂತಾರಲ್ಲ, ಈ ಕಾರಿಗೆ ಹೊಟ್ಟೆಯೂ ಮಟ್ಟ. ಮೊದಲ ರೋಡ್ ಹಂಪಿಗೇ ಕರಕರ ಕೆರೆಯಿತು. ಒಬ್ಬರ ಭಾರ ಇಳಿದರೆ ಮಾತ್ರ ದಾಟುತ್ತಿತ್ತು. ಹಾಗಾಗಿ ಕೆ.ಆರ್. ಪೇಟೆಯಿಂದಾಚೆ ಹಂಪು ಬಂದಾಗಲೆಲ್ಲ ಚಿಕ್ಕಪ್ಪ ಕುಡಿಕೆ ಹಿಡಿದು ಇಳಿದು, ನಡೆದು ದಾಟಿ, ಮತ್ತೆ ಬಗ್ಗಿ ಒಳಗೆ ತೂರಿಕೊಳ್ಳುತ್ತಿದ್ದರು. ಬೇರೆ ದಿನವಾಗಿದ್ದರೆ ಬಿದ್ದು ಬಿದ್ದು ನಗುತ್ತಿದ್ದೆ. ಅವತ್ತು ಸುಮ್ಮನೆ ನೋಡುತ್ತಿದ್ದೆ.

ಕಬ್ಬಿನ ಟ್ರಾಕ್ಟರುಗಳ ನಡುವೆ ಪಾಂಡವಪುರ ದಾಟಿದ ಮೇಲೆ ಒಂದು ಹಂಪಿನಲ್ಲಿ ಇಳಿದ ಚಿಕ್ಕಪ್ಪ ಮತ್ತೆ ಕಾರು ಹತ್ತಲಿಲ್ಲ. ನೇರ ನನ್ನ ಹತ್ತಿರ ಬಂದರು.

"ನನ್ ಮಂಡಿ ಆಳಾಗೋಗ್ಲಿ, ಸತ್ತೋನ್ನೂ ನಡೆಸ್ತಾವ್ನಲ್ಲವ್ವಾ ಇವ್ನು!"

ಕುಡಿಕೆಯನ್ನು ಎಡಗಡೆ ಸೀಟಿನಲ್ಲಿಟ್ಟು, ಹೆಗಲ ಟವೆಲ್ಲಿನಿಂದ ಬಿಗಿದು ಕಟ್ಟಿ, ಹಿಂದೆ ಹತ್ತಿ ಕೂತರು. ನನ್ನಾಸೆ ನೆರವೇರಿತ್ತು, ಆದರೂ ಏನೂ ಅನ್ನಿಸಲಿಲ್ಲ.

ಹೊಳೆಯಲ್ಲಿ ಅಸ್ಥಿ ಬಿಟ್ಟಾಯಿತು. ಆಗಲೂ ಕಣ್ಣು ಒಣಗಿಯೇ ಇತ್ತು. ವಾಪಸ್ ಹೊರಡುವಾಗ ತಮ್ಮನೂ ಚಿಕ್ಕಪ್ಪನೂ ಸೇರಿ ಜೀಪು ತಳ್ಳಿದರು. ಇಂಜಿನ್ ಹತ್ತಿಕೊಂಡಿತು. ಕಾಲು ತಾನಾಗಿ ಬ್ರೇಕಿನ ಮೇಲೆ ಹೋಯಿತು. ನಿಧಾನ ಮಾಡಿ, ಎಡಗಡೆ ನೋಡುತ್ತಾ ಕಾದೆ. ಸೀಟಿನ ಮೇಲೆ ಟವೆಲ್ಲು ಮಾತ್ರ ಇತ್ತು. ಆಗ ಅಳು ಬಂತು.